ಹಾದಿ ಬಲ್ಲವರ ಹಿಂದೆ

ಕಲ್ಯಾಣದ ನಿಲ್ದಾಣವನ್ನು ದಾಟಿದೊಡನೆ ಮಧ್ಯ ರೈಲ್ವೆಯ ದಾರಿ ಎರಡಾಗಿ ಒಡೆದು, ಒಂದು ಕವಲು ಈಶಾನ್ಯಾಭಿಮುಖವಾಗಿ ಕಸಾರೆಯ ಮೇಲಿಂದ ಥಳಘಾಟವನ್ನೂ ಮತ್ತೊಂದು ಆಗ್ನೇಯಾಭಿಮುಖವಾಗಿ ಕರ್ಜತದ ಮೇಲಿಂದ ಬೋರಘಾಟವನ್ನೂ ಏರಿ ದಖ್ಖನಿನ ಪ್ರಸ್ಥಭೂಮಿಯನ್ನು ಸೇರುವುವು. ಇವೆರಡರ ನಡುವೆ, ಇಂದಿಗೂ ರೈಲು ಹೊಕ್ಕಿರದ ಒಂದು ವಿಶಾಲವಾದ ಭೂಭಾಗ ಉಳಿದುಕೊಂಡಿದೆ. ಅದು ಥಾಣೆ ಜಿಲ್ಲೆಯ ಮುರಬಾಡ ತಾಲ್ಲೂಕು. ಭತ್ತದ ಗದ್ದೆಗಳು, ಗದ್ದೆಗಳಾಚೆ ಸಾಗುವಾನಿಯ ಕಾಡು, ಕಾಡಿನ ನಡುವೆ ಉಲ್ಹಾಸ ನದಿಯನ್ನು ಕೂಡಲು ಹರಿದುಹೋಗುವ ಕಾಳು ನದಿ, ಇವೆಲ್ಲದರ ಪೂರ್ವಕ್ಕೆ ಕಣ್ಣು ಹಾಯುವಷ್ಟು ದೂರ ಕಡಿದಾಗಿ ಎದ್ದುನಿಂತ ಸಹ್ಯಾದ್ರಿಯ ಕಪ್ಪುಗೋಡೆ. ಆ ಗೋಡೆಯ ನೆತ್ತಿಯಲ್ಲೊಂದು ಬಿರುಕು. ಅದರ ಮಗ್ಗುಲಲ್ಲಿ ಹೆಬ್ಬೆರಳಿನಂತೆ ನಿಮಿರಿದ ಒಂದು ಹೆಬ್ಬಂಡೆ. ಬಂಡೆಯನ್ನು ಅಲ್ಲಿಯ ಜನ ‘ನಾನಾಚಾ ಅಂಗಠಾ’ ಎನ್ನುವರು. ಬಿರುಕಿನ ಹೆಸರು ನಾಣೇಘಾಟ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರಿಗೆ, ಅದರಲ್ಲಿಯೂ ಕರಾವಳಿಯಿಂದ ಬಂದವರಿಗೆ, ಸಹ್ಯಾದ್ರಿ ಅಪರಿಚಿತವಾದುದಲ್ಲ. ಊರಿನ ಅಂಗಳದಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತಾಗ ಕುದುರೆಮುಖವನ್ನೋ ಕೊಡಚಾದ್ರಿಯನ್ನೋ ಕಾಣುತ್ತಿದ್ದ ಕಣ್ಣು, ಇಲ್ಲಿ ಡೊಂಬಿವಲಿಯ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಮಲಂಗಗಡದ ಶಿಖರವನ್ನು ಕಾಣುತ್ತದೆ. ಬೆಟ್ಟದ ಸಾಲು ಒಂದೇ. ನಮ್ಮ ಅಜ್ಜಂದಿರ ಕಾಲದಲ್ಲಿ ಉಪ್ಪು, ಒಣಮೀನು, ತೆಂಗಿನಕಾಯಿಗಳನ್ನು ಹೊತ್ತು ಕಾಲ್ನಡೆಯಲ್ಲಿ ಘಟ್ಟ ಹತ್ತಿ, ಹಿಂದಿರುಗುವಾಗ ಅಕ್ಕಿಯನ್ನೋ ಅಡಕೆಯನ್ನೋ ತರುತ್ತಿದ್ದ ಮನೆತನಗಳು ಕರಾವಳಿಯಲ್ಲಿ ಎಷ್ಟೋ ಇದ್ದುವು. ಮೊಮ್ಮಕ್ಕಳಾದ ನಾವು 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ ವರ್ಷಕ್ಕೊಂದೆರಡು ಸಲ ಆ ಬೆಟ್ಟಗಳ ಕಾಲಡಿಯಲ್ಲಿಯೇ, ಸುರಂಗದಿಂದ ಸುರಂಗಕ್ಕೆ ಹಾಯ್ದು, ಒಂದಿರುಳಿನಲ್ಲಿ ಊರು ಸೇರುತ್ತೇವೆ. ಬೆಟ್ಟವನ್ನು ನೋಡಿದ್ದೇವೆಂಬುದು ನಿಜ. ಬೆಟ್ಟದಲ್ಲಿ ಬದುಕುವವರ ಜತೆಗೆ ಒಂದು ಹೊತ್ತಿನ ಊಟವನ್ನು ಹಂಚಿಕೊಂಡವರು ನಮ್ಮಲ್ಲಿ ವಿರಳ. ಬೆಟ್ಟದ ಪರಿಚಯಕ್ಕೆ ಯೋಗ್ಯವಾದ ಕ್ರಮವೆಂದರೆ ಅಲ್ಲಿಯವರ ಮನೆಯಲ್ಲಿ ಒಂದಿರುಳು ತಂಗಿದ್ದು, ಮರುದಿನ ಅವರಲ್ಲೊಬ್ಬರನ್ನು ಮುಂದಿಟ್ಟುಕೊಂಡು, ಅವರ ಹೆಜ್ಜೆಗೆ ನಮ್ಮ ಹೆಜ್ಜೆಯನ್ನು ಹೊಂದಿಸಿ ನಡೆಯುವುದೇ ಎಂದು ನಾನು ದೃಢವಾಗಿ ನಂಬಿದ್ದೇನೆ. ದಾರಿಯೆಂಬುದು ನೆಲದ ಮೇಲಿರುವುದಕ್ಕಿಂತ ಹೆಚ್ಚಾಗಿ ದಾರಿ ಬಲ್ಲವರಲ್ಲಿ ಇರುತ್ತದೆ.

ನಾಣೇಘಾಟದ ದಾರಿ ಎರಡು ಸಹಸ್ರ ವರ್ಷಗಳಿಗೂ ಹಳೆಯದು. ಇಂದು ಖಾರಿಯ ದಡದ ಜನನಿಬಿಡ ನಗರವಾಗಿರುವ ಕಲ್ಯಾಣ ಅಂದು ಸಮುದ್ರವ್ಯಾಪಾರದ ದೊಡ್ಡ ಪಟ್ಟಣ. ಕಾನ್ಹೇರಿಯ ಗುಹೆಗಳಿಗೆ ದಾನವಿತ್ತವರ ಶಾಸನಗಳಲ್ಲಿ ಕಲ್ಯಾಣದ ವರ್ತಕರ ಹೆಸರುಗಳು ಇಂದಿಗೂ ಓದಸಿಗುತ್ತವೆ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥವಾದ ‘ಪೆರಿಪ್ಲಸ್’ ಈ ರೇವನ್ನು ‘ಕಲ್ಲಿಯೇನ’ ಎಂದು ಕರೆದು, ಹಿಂದೆ ಇದು ರಾಜಮಾನ್ಯವಾದ ಪೇಟೆಯಾಗಿದ್ದಿತೆಂದೂ, ಆಳುವವರು ಬದಲಾದ ಮೇಲೆ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯುವ ಸಂಭವವುಂಟೆಂದೂ ಎಚ್ಚರಿಸುತ್ತದೆ. ಕಲ್ಯಾಣದಲ್ಲಿ ಇಳಿದ ಸರಕು ಘಟ್ಟದ ಮೇಲಣ ಜುನ್ನರವನ್ನೂ, ಅಲ್ಲಿಂದ ಶಾತವಾಹನರ ರಾಜಧಾನಿಯಾದ ಪ್ರತಿಷ್ಠಾನ, ಎಂದರೆ ಇಂದಿನ ಪೈಠಣವನ್ನೂ ಸೇರಬೇಕಾದರೆ ಹೇರೆತ್ತುಗಳು ಏರುತ್ತಿದ್ದ ಕಣಿವೆ ಇದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. 1863ರಲ್ಲಿ ಬೋರಘಾಟವನ್ನೂ 1865ರಲ್ಲಿ ಥಳಘಾಟವನ್ನೂ ಏರಿತು. ಗಾಲಿಗಳು ಎರಡು ಪಕ್ಕಗಳಲ್ಲಿ ಮೇಲೇರಿದ ಬಳಿಕ ನಡುವಣ ಕಾಲುದಾರಿಯನ್ನು ವರ್ತಕರು ಮರೆತರು. ಮೋಟಾರಿನವರಿಗೂ ಮಾಳಶೇಜ ಘಾಟದ ರಸ್ತೆಯಾಯಿತು. ನಾಣೇಘಾಟ ಕೆಳಗಿನ ಪಾಡಾಗಳ, ಎಂದರೆ ಆದಿವಾಸಿ ಕೇರಿಗಳ, ಜನಕ್ಕೆ ಉಳಿಯಿತು. ಮೇಲಿನ ಊರಿನ ನೆಂಟರ ಮನೆಗೆ ಹೋಗಲು ಅವರು ಅದನ್ನು ಬಳಸುತ್ತ ಬಂದರು. ಆ ಬಳಕೆಯ ದೆಸೆಯಿಂದಲೇ ದಾರಿ ಇಂದಿಗೂ ದಾರಿಯಾಗಿದೆ.

ನಾವು ಹೊರಟದ್ದು ಪುಷ್ಯಮಾಸದಲ್ಲಿ. ಡೊಂಬಿವಲಿಯ ಕನ್ನಡ ಬಂಧುಗಳ ಒಂದು ಸಣ್ಣ ಗುಂಪು: ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದ ಹಿರಿಯಕ್ಕ ಒಬ್ಬರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯದ ಬಹುಭಾಗವನ್ನು ಕಳೆದ ಅಣ್ಣ ಒಬ್ಬರು, ಕಾಲೇಜಿಗೆ ಹೋಗುವ ನಾಲ್ಕೈದು ಮಕ್ಕಳು, ಅವರ ತಾಯಿತಂದೆಗಳು. ಕಲ್ಯಾಣದ ಡಿಪೋದಿಂದ ಎಸ್.ಟಿ. ಬಸ್ಸು ಮುರಬಾಡವನ್ನು ಹಾಯ್ದು, ಟೋಕಾವಡೆಯನ್ನು ಹಿಂದಿಕ್ಕಿ, ವೈಶಾಖರೆಯ ಬಳಿ ನಮ್ಮನ್ನು ಇಳಿಸುವಾಗ ಹೊತ್ತು ಇಳಿಯುತ್ತಿತ್ತು. ನಮ್ಮ ಮಾರ್ಗದರ್ಶಿ ರಸ್ತೆಯ ಬದಿಯಲ್ಲಿಯೇ ಕಾಯುತ್ತಿದ್ದರು. ವಯಸ್ಸು ಐವತ್ತರ ಆಚೆಯಿರಬಹುದು, ಠಾಕರ ಸಮುದಾಯದವರು, ಹೆಗಲ ಮೇಲೊಂದು ಹೊಸ ಕರಿಯ ಘೊಂಗಡಿ, ಎಂದರೆ ಕಂಬಳಿ. ಮುರಬಾಡ ತಾಲ್ಲೂಕಿನ ಮ್ಹಸಾ ಎಂಬ ಊರಿನಲ್ಲಿ ಪುಷ್ಯದ ಹುಣ್ಣಿಮೆಗೆ ದೊಡ್ಡ ಜಾತ್ರೆ ನೆರೆಯುತ್ತದೆ. ದನಗಳ ಪೇಟೆಗೂ ಕಂಬಳಿಗಳ ವ್ಯಾಪಾರಕ್ಕೂ ಅದು ಹೆಸರಾದುದು. ಕಂಬಳಿ ಅಲ್ಲಿಯದೇ ಎಂದು ಅವರು ಹೇಳಿದಾಗ ನಮ್ಮ ಹಿರಿಯಕ್ಕ ಅದರ ಅಂಚನ್ನು ಬೆರಳಿನಿಂದ ಮುಟ್ಟಿನೋಡಿ, ತಮ್ಮ ತವರಿನ ಕಡೆಯ ಕುರುಬರ ಕಂಬಳಿಯ ನೆಯ್ಗೆಯೂ ಇಂಥದೇ ಎಂದರು. ಪರಿಚಯಕ್ಕೆ ಅಷ್ಟು ಸಾಕಾಯಿತು. ನಾವೆಲ್ಲರೂ ಅವರನ್ನು ಮಾಮಾ ಎಂದೆವು. ಅವರು ಅಕ್ಕನನ್ನು ತಾಯಿ ಎಂದು ಕರೆಯತೊಡಗಿದರು.

ಅವರ ಪಾಡಾ ಹೆದ್ದಾರಿಯಿಂದ ಬಹಳ ದೂರವಿಲ್ಲದಿದ್ದರೂ ಹೆದ್ದಾರಿಯ ಗದ್ದಲ ಅಲ್ಲಿಗೆ ಮುಟ್ಟದು. ಮನೆಯ ಗೋಡೆಯನ್ನು ನಾನು ಹತ್ತಿರದಿಂದ ನೋಡಿದೆನು. ಕಾರವಿ ಎಂಬ ಗಿಡದ ಬೆರಳುಗಾತ್ರದ ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಅಡ್ಡಬಿದಿರಿಗೆ ಬಳ್ಳಿಯಿಂದ ಬಿಗಿದು, ಎರಡೂ ಮೈಗಳಿಗೆ ಮಣ್ಣು ಸಗಣಿಗಳ ಲೇಪವನ್ನು ಕೊಟ್ಟ ಗೋಡೆ ಅದು. ಬೇಸಿಗೆಯಲ್ಲಿ ಗಾಳಿಯನ್ನು ಸೋಸಿ ಒಳಗೆ ಬಿಡುವುದು, ಮಳೆಗಾಲದಲ್ಲಿ ಲೇಪ ತೊಳೆದುಹೋದರೆ ದೀಪಾವಳಿಯ ಹೊತ್ತಿಗೆ ಮನೆಯ ಹೆಂಗಸರು ಮತ್ತೆ ಬಳಿಯುವರು. ಎಂಟು ವರ್ಷಕ್ಕೊಮ್ಮೆ ಈ ಕಾರವಿ ಬೆಟ್ಟಕ್ಕೆ ಬೆಟ್ಟವೇ ನೀಲಿನೇರಳೆಯಾಗುವಂತೆ ಹೂಬಿಟ್ಟು, ಬೀಜವನ್ನು ಉದುರಿಸಿ ಸಾಯುತ್ತದೆ. 2016ರಲ್ಲಿ ಹಾಗೆ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು. ಹೂವಿನ ವರ್ಷದಲ್ಲಿ ಜೇನು, ಸತ್ತ ಗಿಡದಿಂದ ಗೋಡೆ. ಹೀಗೆ ಒಂದು ಗಿಡದ ಹುಟ್ಟುಸಾವುಗಳನ್ನು ಮನೆಯ ಲೆಕ್ಕಕ್ಕೆ ತೆಗೆದುಕೊಂಡಿರುವ ಬಾಳು ಅದು. ಗೋಡೆಗೆ ತೂಗುಹಾಕಿದ್ದ ಬಿದಿರು ಎಲೆಗಳ ಇರಳೆಯನ್ನು ಕಂಡೊಡನೆ ಕುಂದಾಪುರದ ಕಡೆಯ ಅಣ್ಣ, “ಇದು ನಮ್ಮ ಗೊರಬೇ ಅಲ್ಲವೆ!” ಎಂದು ಉದ್ಗರಿಸಿದರು. ನಾಟಿಯ ಕಾಲದಲ್ಲಿ ಅವರ ತಾಯಿ ಬೆನ್ನಮೇಲೆ ಹೊದ್ದು ಗದ್ದೆಗಿಳಿಯುತ್ತಿದ್ದ ಗೊರಬನ್ನು ಅವರು ನೋಡಿ ಅದೆಷ್ಟು ಕಾಲವಾಗಿತ್ತೋ! ತಲೆಯೆತ್ತಿ ನೋಡಿದರೆ ಮಾಡಿಗೆ ಹೊದಿಸಿದ್ದುದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಮೊದಲಾದ ಆ ಹಂಚು ಹಡಗನ್ನೇರಿ ಕೊಂಕಣದುದ್ದಕ್ಕೂ ಹರಡಿ, ಹುಲ್ಲುಮಾಡುಗಳ ಜಾಗದಲ್ಲಿ ನಿಂತಿತು. ಮರಾಠಿಯಲ್ಲಿ ಇಂದಿಗೂ ಅದಕ್ಕೆ ಮಂಗಳೂರಿ ಕೌಲು ಎಂದೇ ಹೆಸರು. ನಮ್ಮ ಕರಾವಳಿಯ ಮಣ್ಣು ನಮಗಿಂತ ಎಷ್ಟೋ ಮೊದಲೇ ಈ ಬೆಟ್ಟದ ಬುಡವನ್ನು ಸೇರಿ, ಇಲ್ಲಿಯವರ ತಲೆಗಳನ್ನು ಮಳೆಯಿಂದ ಕಾದಿದೆಯೆಂಬ ವಿಷಯ ನನಗೆ ಬಹಳ ಸಂತೋಷವನ್ನುಂಟುಮಾಡಿತು.

ರಾತ್ರಿ ಒಲೆಯ ಮುಂದೆ ಕುಳಿತು ಉಂಡದ್ದು ನಾಚಣಿಯ, ಎಂದರೆ ರಾಗಿಯ, ಭಾಕರಿ. ಜತೆಗೆ ಹಿಟ್ಟಿನ ಪಿಠಲೆ, ಹಸಿಮೆಣಸಿನ ಠೇಚಾ, ಗದ್ದೆಯ ಹೊಸ ಅಕ್ಕಿಯ ಅನ್ನ. ಮನೆಯೊಡತಿ ಭಾಕರಿಯನ್ನು ಎರಡೂ ಅಂಗೈಗಳ ನಡುವೆ ತಟ್ಟುತ್ತ ತಿರುಗಿಸುವ ಲಾಘವವನ್ನು ನೋಡಿ ನಮ್ಮ ಹುಡುಗಿಯರು ತಾವೂ ಕೈಹಾಕಿದರು. ಹಿಟ್ಟು ಹರಿದು ತಟ್ಟೆಗೆ ಬಿದ್ದಾಗಲೆಲ್ಲ ಆಕೆ ಮತ್ತೊಂದು ಉಂಡೆಯನ್ನು ನಗುತ್ತ ಕೊಟ್ಟರು. ಪಾಡಾದ ಅಂಚಿನಲ್ಲಿ, ಕಾಡು ಮೊದಲಾಗುವ ಕಡೆ, ಸಿಂದೂರ ಬಳಿದ ಒಂದು ಕಲ್ಲಿದೆ. ಅದು ವಾಘೋಬಾ, ಹುಲಿದೇವರು. ವಾರಲಿಗಳೂ ಠಾಕರರೂ ಮಹಾದೇವ ಕೋಳಿಗಳೂ ಈ ಸೀಮೆಯಲ್ಲೆಲ್ಲ ಅದನ್ನು ಪೂಜಿಸುವರು. ಹುಲಿ ಈ ಕಾಡುಗಳಿಂದ ಮರೆಯಾಗಿದ್ದರೂ ಚಿರತೆಯುಂಟು, ದೇವರು ಉಳಿದಿದ್ದಾನೆ. ತುಳುನಾಡಿನ ಹುಲಿದೈವವಾದ ಪಿಲಿಚಾಮುಂಡಿಯ ಕೋಲವನ್ನು ಬಾಲ್ಯದಲ್ಲಿ ಕಂಡವರಿಗೆ ಆ ಕಲ್ಲಿನ ಮುಂದೆ ಕೈಮುಗಿಯಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಳಗಿನ ಜಾವದಲ್ಲಿ ಹೊರಟೆವು. ಮಾಮಾ ಸೊಂಟದ ಹಿಂದೆ ಕಟ್ಟಿದ ಮರದ ಕೊಕ್ಕೆಗೆ ಕತ್ತಿಯನ್ನು ಸಿಕ್ಕಿಸಿಕೊಂಡು ಮುಂದೆ ನಡೆದರು. ನಮ್ಮ ಮಲೆನಾಡಿನ ತೋಟಿಗರು ಕತ್ತಿಯನ್ನು ಧರಿಸುವ ಕ್ರಮವೂ ಅದೇ. ಮೊದಲೊಂದು ಹಳ್ಳವನ್ನು ದಾಟಿ, ಸಾಗುವಾನಿಯ ತರಗೆಲೆಗಳು ಕಾಲಡಿಯಲ್ಲಿ ಮುರಿಯುವ ಸಮತಟ್ಟಾದ ಕಾಡಿನಲ್ಲಿ ಬಹುದೂರ ಸಾಗಬೇಕು. ಅಲ್ಲಿ ದಾರಿಗಳು ಹಲವು: ಕಟ್ಟಿಗೆಯವರದು ಒಂದು, ದನಗಳದು ಒಂದು, ಮಳೆನೀರು ಕೊರೆದದ್ದು ಒಂದು, ಅಪರಿಚಿತನಿಗೆ ಎಲ್ಲವೂ ದಾರಿಯಂತೆಯೇ ಕಾಣುವುವು. ಮಾಮಾ ಕವಲಿನಲ್ಲಿ ಎಲ್ಲಿಯೂ ನಿಂತು ಯೋಚಿಸಲಿಲ್ಲ. ಆದರೆ ಮಕ್ಕಳು ಕೇಳಿದಾಗ ನಿಂತು ವಿವರಿಸಿದರು: ದನದ ದಾರಿ ನೀರಿನ ಕಡೆಗೆ ವಾಲುವುದು, ಕಟ್ಟಿಗೆಯವರ ದಾರಿ ದೂರ ಹೋಗದೆ ಕಾಡಿನಲ್ಲಿ ಕರಗುವುದು, ಘಾಟದ ದಾರಿಯಲ್ಲಿ ಮಾತ್ರ, ಎಲೆಯನ್ನು ಕಾಲಿನಿಂದ ಸರಿಸಿದರೆ, ಜೋಡಿಸಿದ ಕಲ್ಲು ಸಿಕ್ಕುವುದು. ಸರಿಸಿ ತೋರಿಸಿದರು. ಗೊರಸಿನಿಂದಲೂ ಪಾದದಿಂದಲೂ ಸವೆದು ನುಣುಪಾದ ಕಲ್ಲು. ಅದರ ನಡುಭಾಗ ಬೊಗಸೆಯಷ್ಟು ತಗ್ಗಾಗಿತ್ತು. ಅಲ್ಲಿಂದ ಮುಂದೆ ಮಕ್ಕಳು ದಾರಿಯುದ್ದಕ್ಕೂ ಅಂಥ ಕಲ್ಲುಗಳನ್ನು ಹುಡುಕುತ್ತ ನಡೆದುದರಿಂದ ಏರಿನ ಶ್ರಮ ಅವರ ಅರಿವಿಗೇ ಬರಲಿಲ್ಲ.

ಏರು ಮೊದಲಾದ ಮೇಲೆ ದಾರಿ ನೆಟ್ಟಗೆ ಹತ್ತದೆ ಬಲಕ್ಕೂ ಎಡಕ್ಕೂ ಹೊರಳಿ ಹೊರಳಿ ಏರುತ್ತದೆ. “ಹೇರೆತ್ತು ಹತ್ತಿದ ದಾರಿ, ತಾಯಿ, ಎತ್ತಿಗೆ ಏದುಸಿರು ಬರುವಂಥ ಏರನ್ನು ಹಿಂದಿನವರು ಇಟ್ಟಿಲ್ಲ. ಹೊರಳಿನಲ್ಲಿ ನಿಂತು ಉಸಿರು ಬಿಡಿ, ನಡುವೆ ನಿಲ್ಲಬೇಡಿ,” ಎಂದು ಮಾಮಾ ಅಕ್ಕನಿಗೆ ಹೇಳಿದರು. ಆ ಮಾತಿನಂತೆ ನಡೆದ ಅಕ್ಕ, ಮೊಣಕಾಲ ನೋವಿದೆಯೆಂದು ಹಿಂದಿನ ದಿನ ಅಳುಕುತ್ತಿದ್ದವರು, ಗುಂಪಿನಲ್ಲಿ ಮೊದಲಿಗರಾಗಿಯೇ ಮೇಲೆ ತಲುಪಿದರು. ಈ ಬೆಟ್ಟಗಳ ರಚನೆಯನ್ನು ಬಲ್ಲವರಿಗೆ ದಾರಿಯ ಜಾಣತನ ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿ ಈ ಕರಿಗಲ್ಲಿನ ರಾಶಿಯಾಯಿತು; ಗಟ್ಟಿಪದರ ಕಡಿದಾದ ಬಂಡೆಯಾಗಿಯೂ ಮೆದುಪದರ ಸವೆದು ಹಾಸುಮೆಟ್ಟಿಲಾಗಿಯೂ ಉಳಿದುದರಿಂದ ಬೆಟ್ಟವೆಲ್ಲ ಅಂತಸ್ತು ಅಂತಸ್ತಾಗಿದೆ. ದಾರಿಯನ್ನು ಕಟ್ಟಿದವರು ಮೆದುಪದರವನ್ನು ಅನುಸರಿಸಿ ಹೊರಳಿ, ಗಟ್ಟಿಪದರ ಎದುರಾದಲ್ಲಿ ಮಾತ್ರ ಮೆಟ್ಟಿಲು ಕಡಿದರು. ಪದರಗಳ ಸಂಧಿಯಲ್ಲಿ ನೀರು ಜಿನುಗುವುದನ್ನು ಕಂಡು ಅಲ್ಲಿಯೇ ಕಲ್ಲುತೊಟ್ಟಿಗಳನ್ನು ಕೊರೆದರು. ಒಂದು ತೊಟ್ಟಿಯ ನೀರನ್ನು ಮಾಮಾ ತಾವು ಮೊದಲು ಕುಡಿದು ಆಮೇಲೆ ನಮಗೆ ಕೊಟ್ಟರು. ಪಕ್ಕದ ತೊಟ್ಟಿ ನೋಡಲು ತಿಳಿಯಾಗಿಯೇ ಇದ್ದರೂ ಅದನ್ನು ಮುಟ್ಟಗೊಡಲಿಲ್ಲ. ಯಾವುದು ಕುಡಿಯುವ ನೀರು, ಯಾವುದು ಅಲ್ಲ ಎಂಬುದನ್ನು ಯಾವ ನಕ್ಷೆಯೂ ಹೇಳಲಾರದು.

ಮೇಲೆ, ಕಣಿವೆಯ ಬಾಯಿಗೆ ಕೊಂಚ ಕೆಳಗೆ, ಬಂಡೆಯನ್ನು ಕೊರೆದ ಒಂದು ಹಜಾರವಿದೆ. 1828ರ ಬೇಸಿಗೆಯಲ್ಲಿ ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ಇದರ ಗೋಡೆಗಳ ಬರೆಹವನ್ನು ವಿದ್ವಲ್ಲೋಕದ ಗಮನಕ್ಕೆ ತಂದನು. ಪಂಡಿತ ಭಗವಾನಲಾಲ ಇಂದ್ರಜೀ ಅದರ ಅಂಕೆಗಳನ್ನು ಬಿಡಿಸಿದರು. 1883ರಲ್ಲಿ ಬ್ಯೂಲರ್ ಪಾಠವನ್ನು ಪ್ರಕಟಿಸಿದನು. ಎಡಬಲದ ಗೋಡೆಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಶಾತವಾಹನ ರಾಣಿ ನಾಗನಿಕೆಯ ದೀರ್ಘವಾದ ಶಾಸನ: ಧರ್ಮ, ಇಂದ್ರ, ಸಂಕರ್ಷಣ, ವಾಸುದೇವ, ಚಂದ್ರಸೂರ್ಯ, ಲೋಕಪಾಲರಿಗೆ ನಮಸ್ಕರಿಸಿ ಮೊದಲಾಗಿ, ಅಶ್ವಮೇಧವೇ ಮುಂತಾದ ಯಜ್ಞಗಳನ್ನೂ ಅವುಗಳಲ್ಲಿ ಕೊಟ್ಟ ಗೋವು, ಕುದುರೆ, ಆನೆ, ಕಾರ್ಷಾಪಣಗಳನ್ನೂ ಎಣಿಸಿ ಎಣಿಸಿ ಹೇಳುತ್ತದೆ. ಆ ಎಣಿಕೆಯಿಂದಲೇ ಈ ಗುಹೆ ಗಣಿತದ ಇತಿಹಾಸದಲ್ಲಿ ಅಮರವಾಯಿತು. ಒಂದರಿಂದ ಇಪ್ಪತ್ತು ಸಹಸ್ರದವರೆಗಿನ ಹಲವು ಸಂಖ್ಯೆಗಳು ಇಲ್ಲಿ ಅಂಕೆಗಳ ರೂಪದಲ್ಲಿ ಕೆತ್ತಲ್ಪಟ್ಟಿವೆ. ಇಂದು ಜಗತ್ತೆಲ್ಲ ಬರೆಯುವ ಅಂಕೆಗಳ ಪೂರ್ವಜರು ಇವರು. ಸೊನ್ನೆ ಇನ್ನೂ ಇಲ್ಲ. ಹತ್ತಕ್ಕೂ ನೂರಕ್ಕೂ ಸಾವಿರಕ್ಕೂ ಬೇರೆ ಬೇರೆ ಚಿಹ್ನೆಗಳು. ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಹುಡುಗನೊಬ್ಬ ಏಳರ ಅಂಕೆಯನ್ನು ತಾನಾಗಿಯೇ ಗುರುತಿಸಿ, ಗೋಡೆಯನ್ನು ಮುಟ್ಟದೆ ಗಾಳಿಯಲ್ಲಿ ಬೆರಳಾಡಿಸಿ ಅದನ್ನು ಬರೆದುನೋಡಿದನು.

ಹಿಂಗೋಡೆಯಲ್ಲಿ ರಾಜಕುಟುಂಬದ ಪ್ರತಿಮೆಗಳಿದ್ದುವು. ಪ್ರತಿಮೆಗಳು ಇಂದು ನಾಶವಾಗಿವೆ. ಅವುಗಳ ಮೇಲೆ ಕೆತ್ತಿದ್ದ ಹೆಸರುಗಳು ಮಾತ್ರ ಉಳಿದಿವೆ: ಸಿಮುಕ ಸಾತವಾಹನ, ದೇವಿ ನಾಗನಿಕಾ ಮತ್ತು ಅರಸ ಶಾತಕರ್ಣಿ, ಮಹಾರಠಿ ತ್ರಣಕಯಿರ, ಕುಮಾರ ಹಕುಸಿರಿ. ಆ ಬರಿಗೋಡೆಯ ಮುಂದೆ ನಿಂತಾಗ ನನ್ನ ಮನಸ್ಸು ಕಲಬುರಗಿ ಜಿಲ್ಲೆಯ ಭೀಮಾತೀರಕ್ಕೆ, ಸನ್ನತಿಯ ಬಳಿಯ ಕನಗನಹಳ್ಳಿಗೆ ಹೋಯಿತು. ಅಲ್ಲಿ ನೆಲದಡಿಯಿಂದ ಎದ್ದುಬಂದ ಮಹಾಸ್ತೂಪದ ಶಿಲಾಫಲಕಗಳಲ್ಲಿ ‘ರಾಯ ಅಸೋಕ’ನ ಮೂರ್ತಿಯೊಡನೆ ಶಾತವಾಹನ ಅರಸರ ಮೂರ್ತಿಗಳೂ ತಮ್ಮ ತಮ್ಮ ಹೆಸರುಗಳೊಡನೆ ದೊರೆತಿವೆ. ಬನವಾಸಿಯಲ್ಲಿ ಅದೇ ವಂಶದ ಅರಸನೊಬ್ಬನ ರಾಣಿಯ ಛಾಯಾಸ್ತಂಭವಿದೆ. ಕಲ್ಯಾಣದ ಖಾರಿಯಿಂದ ಕನ್ನಡನಾಡಿನ ಭೀಮೆ ವರದೆಯರವರೆಗೆ ಒಂದೇ ಆಳ್ವಿಕೆ ಹಬ್ಬಿದ್ದ ಕಾಲ ಅದು. ಇನ್ನು ಥಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರಂತೂ, ಅಂಬರನಾಥದ ಶಿವಾಲಯ 1060ರಲ್ಲಿ ಎದ್ದುದು ಅವರ ಕಾಲದಲ್ಲಿಯೇ, ತಮ್ಮ ತಾಮ್ರಪಟಗಳ ಬಿರುದುಗಳಲ್ಲಿ ಕನ್ನಡವನ್ನು ಬಳಸಿದವರು. ಈ ಪ್ರದೇಶಕ್ಕೆ ಕನ್ನಡದ ಬರವು ಹೋಟೆಲುಗಳಿಂದಲೂ ರಾತ್ರಿಶಾಲೆಗಳಿಂದಲೂ ಮೊದಲಾಯಿತೆಂದು ತಿಳಿದಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಲು ನಾಣೇಘಾಟಕ್ಕಿಂತ ತಕ್ಕ ಪಾಠಶಾಲೆ ಇಲ್ಲ.

ಗುಹೆಯ ಮೇಲೆ ದಾರಿ ಎರಡು ಬಂಡೆಗೋಡೆಗಳ ನಡುವೆ ಇಕ್ಕಟ್ಟಾಗಿ ಏರಿ ಒಮ್ಮೆಲೇ ಪ್ರಸ್ಥಭೂಮಿಗೆ ತೆರೆದುಕೊಳ್ಳುವುದು. ಅಲ್ಲಿ, ದಾರಿಯ ಪಕ್ಕದಲ್ಲಿ, ಆಳೆತ್ತರವಿಲ್ಲದಿದ್ದರೂ ಬಹು ದಪ್ಪನಾದ ಒಂದು ಕಲ್ಲುಹಂಡೆಯಿದೆ. ಘಾಟವನ್ನೇರಿದ ವರ್ತಕರು ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕುತ್ತಿದ್ದರೆಂಬುದು ಪರಂಪರೆಯ ನಂಬಿಕೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬಂಡೆಗೆ ಬಡಿದು ಮೇಲಕ್ಕೆ ನುಗ್ಗುವ ರಭಸಕ್ಕೆ ಇಲ್ಲಿಯ ಜಲಪಾತ ಕೆಳಗೆ ಬೀಳಲಾರದೆ ಮೇಲಕ್ಕೇ ಚಿಮ್ಮುವುದು. ಆ ಕೌತುಕವನ್ನು ನೋಡಲು ಶನಿವಾರ ಭಾನುವಾರಗಳಲ್ಲಿ ಮೇಲಣ ರಸ್ತೆಯಿಂದ ಮೋಟಾರುಗಳು ಸಾಲುಗಟ್ಟುತ್ತವೆ. ಗುಹೆಯ ಬಾಗಿಲಲ್ಲಿ ಧ್ವನಿವರ್ಧಕ ಮೊಳಗುತ್ತದೆ, ತಿಂಡಿಯ ಪೊಟ್ಟಣಗಳು ಕುಡಿಯುವ ನೀರಿನ ತೊಟ್ಟಿಗಳಲ್ಲಿ ತೇಲುತ್ತವೆ. ಇದನ್ನು ನೆನೆದರೆ ನನಗೆ ದುಃಖವಾಗುತ್ತದೆ. ಯೌವನದ ಉಲ್ಲಾಸವನ್ನು ನಾನು ಆಕ್ಷೇಪಿಸುವವನಲ್ಲ; ಆದರೆ ಕೆಳಗಿನಿಂದ, ಊರಿನವರ ಜತೆಯಲ್ಲಿ, ಆ ತೊಟ್ಟಿಯ ನೀರನ್ನೇ ಕುಡಿದು ಏರಿಬಂದವನು ಅದರಲ್ಲಿ ಕಸವನ್ನು ಎಸೆಯಲಾರನು.

ಮೇಲಣ ಘಾಟಘರ ಮಹಾದೇವ ಕೋಳಿಗಳ ಊರು. ಅದು ಜುನ್ನರ ತಾಲ್ಲೂಕಿಗೆ, ಎಂದರೆ ಪುಣೆ ಜಿಲ್ಲೆಗೆ ಸೇರಿದುದು. ಹಿಂಬದಿಗೆ ಜೀವಧನದ ಕೋಟೆ, ಸುತ್ತಲೂ ಅಳಲೆಯ ಮರಗಳು. ಎಳೆಯ ಅಳಲೆಕಾಯನ್ನು ಕೊಯ್ದು ಒಣಗಿಸಿ ಮಾರುವುದು ಈ ಊರುಗಳ ಮುಖ್ಯ ಗಳಿಕೆಗಳಲ್ಲಿ ಒಂದು; ನಮ್ಮ ಮನೆಗಳಲ್ಲಿ ತ್ರಿಫಲಾ ಚೂರ್ಣವೆಂದು ಡಬ್ಬಿಯಲ್ಲಿರುವುದರ ಮೂಲಗಳಲ್ಲಿ ಇಂಥ ಮರಗಳೂ ಸೇರಿವೆ. ಮಾಮಾ ತಮ್ಮ ನೆಂಟರ ಮನೆಯ ಜಗಲಿಯ ಮೇಲೆ ನಮ್ಮನ್ನು ಕೂರಿಸಿ, ಬೆಲ್ಲದ ಕರಿಚಹಾ ಕುಡಿಸಿದರು.

ಇಂಥ ಮನೆಗಳ ಬದುಕು ಸುಲಭವಾದುದೆಂದು ಯಾರೂ ಭಾವಿಸಬಾರದು. ನವಿಮುಂಬಯಿಯ ಪನವೇಲಿನಾಚೆ, ರಾಯಗಡ ಜಿಲ್ಲೆಯ ಇರ್ಶಾಲಗಡದ ಮಗ್ಗುಲಲ್ಲಿ ಇರ್ಶಾಲವಾಡಿ ಎಂಬ ಠಾಕರರ ಊರಿತ್ತು. ಕೋಟೆಗೆ ಹೋಗುವ ಚಾರಣಿಗರು ಅದರ ಅಂಗಳಗಳನ್ನು ಹಾಯ್ದೇ ಹೋಗಬೇಕಾಗಿತ್ತು. 2023ರ ಜುಲೈ 19ರ ರಾತ್ರಿ, ಎಡೆಬಿಡದ ಮಳೆಯಲ್ಲಿ ಬೆಟ್ಟ ಜರಿದು ಆ ಊರಿನ ಬಹುಭಾಗವನ್ನು ನುಂಗಿತು. 27 ದೇಹಗಳು ಸಿಕ್ಕಿದುವು. 57 ಮಂದಿ ಸಿಕ್ಕಲೇ ಇಲ್ಲ. ಮೋಟಾರು ದಾರಿಯಿಲ್ಲದ ಊರು. ಯಂತ್ರಗಳು ಏರಲಾರದೆ ಹೋದುವು. ರಕ್ಷಣಾದಳದವರೂ ಸುತ್ತಲ ಹಳ್ಳಿಗರೂ ಚಾರಣಿಗರ ಸಂಘಗಳವರೂ ಕೆಸರಿನಲ್ಲಿ ಕಾಲ್ನಡೆಯಿಂದ ಹತ್ತಿ, ಗುದ್ದಲಿಗಳಿಂದ ಅಗೆದರು. ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ನೆರವಿಗೆಂದು ಆ ಏರನ್ನು ಹತ್ತುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಬೆಟ್ಟದ ಬದುಕಿನ ಸೊಬಗನ್ನು ಬಣ್ಣಿಸುವವರು ಇದನ್ನು ಮರೆತು ಬಣ್ಣಿಸಲಾಗದು. ದಾರಿ ಬಲ್ಲವರು ಉಳಿಯಬೇಕಾದರೆ ಅವರ ಮನೆಗಳು ಭದ್ರವಾಗಿರಬೇಕು, ಅವರ ಮಕ್ಕಳಿಗೆ ಶಾಲೆಯೂ ಆಸ್ಪತ್ರೆಯೂ ಕೈಗೆಟುಕಬೇಕು. ನಾವು ಕೊಡುವ ದುಡ್ಡು ಪಟ್ಟಣದ ಮಧ್ಯವರ್ತಿಯಲ್ಲಿ ತಂಗದೆ ಅವರ ಮನೆಯನ್ನೇ ಸೇರಬೇಕು. ಪನವೇಲಿನ ಹತ್ತಿರದ ಪ್ರಬಲಮಾಚಿಯಲ್ಲಿ ಇದು ನಡೆದಿರುವುದನ್ನು ನೋಡಬಹುದು. ಕಲಾವಂತಿಣ ದುರ್ಗಕ್ಕೆ ಹೋಗುವವರಿಗೆ ಆ ಊರಿನವರೇ ಊಟ ವಸತಿಗಳನ್ನು ಕೊಟ್ಟು, ತಾವೇ ದಾರಿ ತೋರಿಸುತ್ತಾರೆ. ಶಹಾಪುರದ ಮಾಹುಲಿ, ಮುರಬಾಡದ ಗೋರಖಗಡ ಸಿದ್ಧಗಡಗಳ ಬುಡದಲ್ಲಿಯೂ, ಖಾಂಡಸದಿಂದ ಭೀಮಾಶಂಕರಕ್ಕೆ ಏರುವ ಗಣೇಶಘಾಟದಲ್ಲಿಯೂ ಅಂಥ ಮನೆಗಳು ಸಿಕ್ಕುವುವು. ಥಾಣೆಯವರಿಗಂತೂ ಯೇವೂರಿನ ವಾರಲಿ ಪಾಡಾಗಳು ಊರಿನ ಅಂಚಿನಲ್ಲಿಯೇ ಇವೆ.

ಹೋಗಲೆಳಸುವವರು ಕಾರ್ತಿಕದಿಂದ ಮಾಘದವರೆಗಿನ ಕಾಲವನ್ನು ಆರಿಸಿಕೊಳ್ಳುವುದು ಲೇಸು. ಮಳೆಯಲ್ಲಿ ಕರಿಗಲ್ಲು ಪಾಚಿಗಟ್ಟಿ ಜಾರುವುದು, ಹಳ್ಳಗಳು ಕ್ಷಣಾರ್ಧದಲ್ಲಿ ತುಂಬುವುವು. ಚೈತ್ರದಿಂದಾಚೆ ತೊಟ್ಟಿಗಳ ನೀರು ಇಳಿದು ಬಂಡೆ ಕಾಯುವುದು. ಘಾಟಘರದಿಂದ ಜುನ್ನರಕ್ಕೆ ಇಳಿದರೆ ಲೇಣ್ಯಾದ್ರಿಯ ಸುಮಾರು ಮೂವತ್ತು ಬೌದ್ಧ ಗುಹೆಗಳಿವೆ. ಅವುಗಳಲ್ಲೊಂದರಲ್ಲಿ ಅಷ್ಟವಿನಾಯಕರಲ್ಲಿ ಒಬ್ಬನಾದ ಗಿರಿಜಾತ್ಮಜನ ಸನ್ನಿಧಿಯಿದೆ. ಅಲ್ಲಿಂದ ಮಾಳಶೇಜದ ಮಾರ್ಗವಾಗಿ ಎಸ್.ಟಿ. ಬಸ್ಸು ಕಲ್ಯಾಣಕ್ಕೆ ಮರಳಿಸುತ್ತದೆ.

ನನ್ನದೊಂದು ಸೂಚನೆಯುಂಟು. ನಮ್ಮ ಈ ಉಪನಗರಗಳ ಕನ್ನಡ ಸಂಘಗಳು ರಾಜ್ಯೋತ್ಸವವನ್ನೂ ಯಕ್ಷಗಾನವನ್ನೂ ಮಕ್ಕಳ ಕನ್ನಡ ತರಗತಿಗಳನ್ನೂ ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ. ಅವುಗಳ ವಾರ್ಷಿಕ ಪಟ್ಟಿಯಲ್ಲಿ ಪುಷ್ಯಮಾಸದ ಒಂದು ನಾಣೇಘಾಟ ಯಾತ್ರೆಯೂ ಸೇರಲಿ. ಇಪ್ಪತ್ತು ಜನರಿಗಿಂತ ಹೆಚ್ಚು ಬೇಡ. ಪಾಡಾದ ಮನೆಗಳಿಗೆ ಅದಕ್ಕಿಂತ ಹೆಚ್ಚಿನವರನ್ನು ಸಲಹುವುದು ಭಾರವಾಗುತ್ತದೆ. ಶಾಸನ ಓದಬಲ್ಲ ಒಬ್ಬ ಅಧ್ಯಾಪಕರು ಹಿಂದಿನ ವಾರವೇ ಮಕ್ಕಳಿಗೆ ಬ್ರಾಹ್ಮಿಯ ಅಕ್ಷರಗಳನ್ನೂ ಅಂಕೆಗಳನ್ನೂ ಕಲಿಸಿರಲಿ. ನಡೆಯುವ ದಿನ ಮಾತ್ರ ಗುರುಸ್ಥಾನ ಮಾಮಾನಂಥವರದು. ದುಡ್ಡನ್ನು ಹೊರಡುವ ಮೊದಲೇ ಮಾತಾಡಿ, ಮನೆಯೊಡತಿಯ ಪಾಲನ್ನು ಆಕೆಯ ಕೈಗೇ ಕೊಡಬೇಕು. ಹೆಗಲ ಚೀಲದಲ್ಲಿ ಒಯ್ದ ಕಾಗದದ ಚೂರೂ ಅದೇ ಚೀಲದಲ್ಲಿ ಹಿಂದಿರುಗಬೇಕು. ಮುಂದಿನ ಪುಷ್ಯಕ್ಕೆ ಬರುತ್ತೇವೆಂದು ನಾವು ಮಾಮಾಗೆ ಮಾತು ಕೊಟ್ಟಿದ್ದೇವೆ. ಜತೆಗೂಡಲಿಚ್ಛಿಸುವವರಿಗೆ ಸ್ವಾಗತವಿದೆ, ಮ್ಹಸಾ ಜಾತ್ರೆಯನ್ನೂ ನೋಡಬೇಕೆಂದಿರುವವರು ಒಂದು ದಿನ ಮೊದಲೇ ಹೊರಡತಕ್ಕದ್ದು.